ಬಸ್ಸನ್ನು ಮನೆಯಾಗಿಸುವ ಮುನ್ನ ಅದರ ಅಡಿಗೆ ಇಳಿದು ನೋಡಿ

ಮಾನ್ಯ ಸಂಪಾದಕರೇ,

ಹಳೆಯ ಬಸ್ಸೊಂದನ್ನು ಕೊಂಡು, ಸೀಟುಗಳನ್ನು ಕಿತ್ತು, ಒಳಗೆ ಅಡುಗೆಕಟ್ಟೆ, ಮಂಚ, ಸ್ನಾನದ ಮೂಲೆ ಎಲ್ಲವನ್ನೂ ಕೂರಿಸಿ ಅದನ್ನು ಓಡಾಡುವ ಮನೆಯಾಗಿ ಮಾಡಿಕೊಂಡವರ ಕುರಿತು ಈಚೆಗೆ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಸಚಿತ್ರ ಲೇಖನಗಳು ಬರುತ್ತಿವೆ. ಅವನ್ನು ನಾನು ಆಸೆಯಿಂದಲೇ ಓದುತ್ತೇನೆ. ಆದರೆ ಅವುಗಳಲ್ಲಿ ಬಹುಪಾಲು ಬಸ್ಸು ಮನೆಯಂಗಳಕ್ಕೆ ಬಂದು ನಿಂತ ದಿನದಿಂದಲೇ ಶುರುವಾಗುತ್ತವೆ. ಆ ಬಸ್ಸನ್ನೇ ಏಕೆ ಆರಿಸಿದರು, ಹಣ ಕೊಡುವ ಮುನ್ನ ಏನೇನು ನೋಡಿದರು, ಎಷ್ಟು ಬಸ್ಸುಗಳನ್ನು ಬೇಡವೆಂದು ಬಿಟ್ಟು ಬಂದರು ಎಂಬುದಕ್ಕೆ ಎರಡು ಸಾಲೂ ಸಿಗುವುದಿಲ್ಲ. ನನ್ನ ಅನುಭವದಲ್ಲಿ ಇಡೀ ಕೆಲಸದ ಅಳಿವು ಉಳಿವು ನಿರ್ಧಾರವಾಗುವುದು ಅಲ್ಲಿಯೇ. ಆದ್ದರಿಂದ ಈ ಪತ್ರ ಸ್ವಲ್ಪ ಉದ್ದವಾದರೂ ದಯವಿಟ್ಟು ಪ್ರಕಟಿಸಬೇಕೆಂದು ಕೋರುತ್ತೇನೆ.

ನನ್ನ ಮೊದಲ ಬಸ್ಸನ್ನು ನಾನು ಎಂಜಿನ್ನಿನ ಸದ್ದು ಕೇಳಿ ಕೊಂಡೆ. ಪರಿಚಯದ ಮೆಕ್ಯಾನಿಕ್ ಒಬ್ಬರು ಬಾನೆಟ್ ಎತ್ತಿ ನೋಡಿ ತಲೆದೂಗಿದರು. ಅವರು ಹೇಳಿದ್ದು ಸುಳ್ಳಾಗಿರಲಿಲ್ಲ, ಎಂಜಿನ್ ನಿಜಕ್ಕೂ ಚೆನ್ನಾಗಿತ್ತು. ಏಳು ತಿಂಗಳು ದುಡಿದು ಒಳಗಿನ ಮರಗೆಲಸವನ್ನೆಲ್ಲ ಮುಗಿಸಿದೆ. ಮೊದಲ ಮಳೆಗಾಲದಲ್ಲಿ ಹಿಂದಿನ ಗಾಲಿಯ ಮೇಲ್ಭಾಗದಲ್ಲಿ ಕಾಲಿಟ್ಟ ಕಡೆ ನೆಲ ಒಳಕ್ಕೆ ತಗ್ಗಿದಂತಾಯಿತು. ಕಪಾಟು ಬಿಚ್ಚಿ, ಹಲಗೆ ಎತ್ತಿ ನೋಡಿದರೆ ಕೆಳಗಿನ ಉಕ್ಕಿನ ತಗಡು ಒಣಗಿದ ಎಲೆಯಂತೆ ಬೆರಳಿನಲ್ಲೇ ಪುಡಿಯಾಯಿತು. ಅದನ್ನು ಹೊತ್ತಿದ್ದ ಅಡ್ಡ ತೊಲೆಯೊಳಗೆ ಸ್ಕ್ರೂಡ್ರೈವರ್ ಹಿಡಿಯವರೆಗೂ ಇಳಿಯಿತು. ಕಟ್ಟಿದ್ದನ್ನೆಲ್ಲ ಕೈಯಾರೆ ಕೀಳಬೇಕಾಯಿತು. ಕೊನೆಗೆ ಆ ಒಳ್ಳೆಯ ಎಂಜಿನ್ನನ್ನು ಬೇರೆಯವರಿಗೆ ಕೊಟ್ಟು, ಉಳಿದದ್ದನ್ನು ಗುಜರಿಗೆ ಹಾಕಿದೆ.

ಅಂದಿನಿಂದ ನಾನು ಒಂದು ನಿಯಮವನ್ನು ಹಿಡಿದುಕೊಂಡಿದ್ದೇನೆ. ಮನೆ ಕಟ್ಟಿದ ಮೇಲೆ ಯಾವುದು ಕೈಗೆ ಸಿಗುವುದಿಲ್ಲವೋ ಅದನ್ನು ಮೊದಲು ನೋಡಬೇಕು. ಹೊರಗಿನಿಂದ ಬಿಚ್ಚಿ ಬದಲಿಸಬಹುದಾದದ್ದನ್ನು ಆಮೇಲೆ ನೋಡಿದರೆ ಸಾಕು. ಎಂಜಿನ್, ಗೇರ್‌ಬಾಕ್ಸ್, ರೇಡಿಯೇಟರ್, ಟೈರು ಇವೆಲ್ಲವೂ ಎಷ್ಟೇ ದುಬಾರಿಯಾದರೂ ನಟ್ಟು ಬೋಲ್ಟುಗಳಿಂದ ಕೂತಿರುವ ವಸ್ತುಗಳು. ನೆಲದ ತಗಡು, ಅಡ್ಡ ತೊಲೆಗಳು, ಗೋಡೆಯ ಪಕ್ಕೆಲುಬುಗಳು, ಛಾವಣಿಯ ಬಿಲ್ಲುಗಳು ಹಾಗಲ್ಲ. ಅವುಗಳ ಮೇಲೆಯೇ ನಾವು ಮನೆ ಕಟ್ಟುತ್ತೇವೆ. ಕೊಳ್ಳುವವರಲ್ಲಿ ಹೆಚ್ಚಿನವರು ಇದಕ್ಕೆ ತದ್ವಿರುದ್ಧವಾಗಿ ನಡೆಯುತ್ತಾರೆ. ಎಂಜಿನ್ನಿನ ಮುಂದೆ ಒಂದು ಗಂಟೆ ನಿಂತವರು ಬಸ್ಸಿನ ಅಡಿಯಲ್ಲಿ ಒಂದು ನಿಮಿಷವೂ ಇರುವುದಿಲ್ಲ.

ನೋಡುವ ಬಗೆ ಹೀಗೆ. ಹಳೆಯ ಬಟ್ಟೆ ತೊಟ್ಟು, ಒಂದು ಟಾರ್ಚು, ಸಣ್ಣ ಸುತ್ತಿಗೆ ಮತ್ತು ಮೊನೆಯುಳ್ಳ ಸ್ಕ್ರೂಡ್ರೈವರ್ ಹಿಡಿದು ಬಸ್ಸಿನ ಅಡಿಗೆ ಹೋಗಬೇಕು. ಬಸ್ಸು ಸಮತಟ್ಟಾದ ಗಟ್ಟಿ ನೆಲದ ಮೇಲಿರಬೇಕು, ಗಾಲಿಗಳಿಗೆ ಅಡೆ ಕೊಟ್ಟಿರಬೇಕು. ಏರ್ ಸಸ್ಪೆನ್ಷನ್ ಇರುವ, ಅಂದರೆ ಗಾಳಿ ತುಂಬಿದ ಚೀಲಗಳ ಮೇಲೆ ನಿಲ್ಲುವ ಬಸ್ಸಾದರೆ ಚಾಸಿಗೆ, ಅಂದರೆ ತಳದ ಉಕ್ಕಿನ ಚೌಕಟ್ಟಿಗೆ, ಗಟ್ಟಿಯಾದ ಆಧಾರ ಕೊಡದೆ ಯಾರೂ ಅಡಿಗೆ ತಲೆ ಹಾಕಬಾರದು, ಏಕೆಂದರೆ ಗಾಳಿ ಇಳಿದರೆ ಅಂಥ ಬಸ್ಸು ಹೇಳದೆ ಕೇಳದೆ ಕೆಳಗೆ ಕೂರುತ್ತದೆ. ಚಾಸಿಯ ಉದ್ದದ ಎರಡು ತೊಲೆಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಒಳ್ಳೆಯ ಉಕ್ಕು ಠಣ್ ಎನ್ನುತ್ತದೆ. ತುಕ್ಕು ತಿಂದದ್ದು ಮಂಕಾಗಿ, ಒದ್ದೆ ಮರವನ್ನು ತಟ್ಟಿದಂತೆ ಸದ್ದು ಮಾಡುತ್ತದೆ. ಮೇಲ್ಮೈಯಲ್ಲಿ ಮಾತ್ರ ಇರುವ ಕೆಂಪು ಪುಡಿ ತಂತಿಯ ಬ್ರಷ್ಷಿಗೆ ಹೋಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಪದರ ಪದರವಾಗಿ ಎದ್ದು ಬರುವ ತುಕ್ಕು ಬೇರೆ. ಅಲ್ಲಿ ಲೋಹವೇ ತೆಳುವಾಗಿರುತ್ತದೆ. ಎರಡು ತಗಡುಗಳು ಒಂದರ ಮೇಲೊಂದು ಕೂತ ಜಾಗ, ಗಾಲಿಯ ಕಮಾನು, ಮೆಟ್ಟಿಲಿನ ತಳ, ಬ್ಯಾಟರಿ ಪೆಟ್ಟಿಗೆಯ ಸುತ್ತ, ಹಿಂಬದಿಯ ಕೊನೆಯ ಅಡ್ಡ ತೊಲೆ, ಈ ಐದು ಕಡೆ ಸ್ಕ್ರೂಡ್ರೈವರ್ ಮೊನೆಯನ್ನು ಒತ್ತಿ ನೋಡದೆ ಮೇಲೆ ಏಳಬೇಡಿ. ಬಸ್ಸಿನ ಅಡಿಗೆ ಮಾತ್ರ ಹೊಸದಾಗಿ ದಪ್ಪ ಕಪ್ಪು ಬಣ್ಣ ಬಳಿದಿದ್ದರೆ ಅದು ರಕ್ಷಣೆಗೆ ಬಳಿದದ್ದೋ ಮುಚ್ಚಲು ಬಳಿದದ್ದೋ ಎಂದು ಕೇಳುವ ಹಕ್ಕು ಕೊಳ್ಳುವವರಿಗೆ ಇದೆ.

ಅಡಿಯಿಂದ ನೋಡಿದರೂ ಅರ್ಧವಷ್ಟೇ ತಿಳಿಯುತ್ತದೆ. ಬಸ್ಸುಗಳ ನೆಲದಲ್ಲಿ ಸಾಮಾನ್ಯವಾಗಿ ರಬ್ಬರ್ ಹಾಸು, ಅದರ ಕೆಳಗೆ ಪ್ಲೈವುಡ್, ಕೆಲವು ಬಸ್ಸುಗಳಲ್ಲಿ ಅದರ ಕೆಳಗೆ ಉಕ್ಕಿನ ತಗಡು ಇರುತ್ತದೆ. ವರ್ಷಗಟ್ಟಲೆ ಒದ್ದೆ ಚಪ್ಪಲಿ, ತೊಳೆದ ನೀರು, ಕಿಟಕಿಯಿಂದ ಸೋರಿದ ಮಳೆ ಎಲ್ಲವೂ ಹಾಸಿನ ಅಂಚಿನಿಂದ ಒಳಗಿಳಿದು ಪ್ಲೈವುಡ್ಡಿನಲ್ಲಿ ನಿಲ್ಲುತ್ತವೆ; ಆ ಒದ್ದೆ ಹಲಗೆ ತಗಡನ್ನು ಮೇಲಿನಿಂದ ತಿನ್ನುತ್ತದೆ. ಸೀಟುಗಳ ಬೋಲ್ಟು ತೂರಿದ ತೂತುಗಳಲ್ಲೇ ಕೊಳೆತ ಮೊದಲು ಶುರುವಾಗುತ್ತದೆ. ಆದ್ದರಿಂದ ಹಿಂದಿನ ಗಾಲಿಯ ಬಳಿ ಒಂದು ಸೀಟನ್ನು ಬಿಚ್ಚಿ, ಒಂದು ಮೊಳದಷ್ಟು ಹಾಸು ಎತ್ತಿ ನೋಡಲು ಒಪ್ಪಿಗೆ ಕೇಳಿ. ಮಾರುವವರು ಒಪ್ಪದಿದ್ದರೆ ಅದೂ ಒಂದು ಉತ್ತರವೇ. ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ನಾಡುಗಳಲ್ಲಿ ಮತ್ತು ಕಡಲತೀರದಲ್ಲಿ ಓಡಿದ ಬಸ್ಸುಗಳಿಗೆ ಈ ಪರೀಕ್ಷೆಯನ್ನು ಇಮ್ಮಡಿ ಎಚ್ಚರದಿಂದ ಮಾಡಬೇಕು. ಒಣ ಪ್ರದೇಶದಲ್ಲಿ ಹದಿನೈದು ವರ್ಷ ಓಡಿದ ಬಸ್ಸಿನ ತಳ ಅಂಥ ಕಡೆ ಆರು ವರ್ಷ ಓಡಿದ ಬಸ್ಸಿನ ತಳಕ್ಕಿಂತ ಗಟ್ಟಿಯಾಗಿರುವುದು ಅಪರೂಪವಲ್ಲ.

ಬದಲಿಸಲಾಗದ ಇನ್ನೊಂದು ಸಂಗತಿ ಒಳಗಿನ ಎತ್ತರ. ನೆಲಕ್ಕೆ ಹಾಗೂ ಛಾವಣಿಗೆ ಶಾಖನಿರೋಧಕ ಹಲಗೆ ಹಾಕಿದರೆ ಒಟ್ಟು ಎಂಟರಿಂದ ಹತ್ತು ಸೆಂಟಿಮೀಟರ್ ಹೋಗುತ್ತದೆ. ಇಂದು ತಲೆ ತಾಗದ ಬಸ್ಸು ನಾಳೆ ಮನೆಯಾದಾಗ ತಲೆ ತಗ್ಗಿಸಿ ನಡೆಯುವ ಮನೆಯಾದೀತು. ಛಾವಣಿಯನ್ನು ಕತ್ತರಿಸಿ ಎತ್ತರಿಸುವವರಿದ್ದಾರೆ. ಅದು ಪಕ್ಕೆಲುಬುಗಳನ್ನೇ ಕತ್ತರಿಸಿ ಬೆಸೆಯುವ ಕೆಲಸವಾದ್ದರಿಂದ ಬಸ್ಸು ಮಗುಚಿದಾಗ ಒಳಗಿರುವವರ ಪ್ರಾಣ ಆ ಬೆಸುಗೆಯ ಮೇಲೆ ನಿಂತಿರುತ್ತದೆ ಎಂಬುದನ್ನು ಮರೆಯಬಾರದು. ಎತ್ತರ ಬೇಕಾದವರು ಎತ್ತರದ ಬಸ್ಸನ್ನೇ ಹುಡುಕುವುದು ಒಳಿತು. ಉದ್ದವೂ ಹಾಗೆಯೇ: ಹನ್ನೆರಡು ಮೀಟರಿನ ಬಸ್ಸು ಕಾಗದದ ಮೇಲೆ ವಿಶಾಲವಾಗಿ ಕಾಣುತ್ತದೆ, ಕಿರಿದಾದ ಬೆಟ್ಟದ ತಿರುವಿನಲ್ಲಿ ಅದೇ ಉದ್ದ ಹೊರೆಯಾಗುತ್ತದೆ.

ಇನ್ನು ಎಂಜಿನ್. ಕೊಳ್ಳುವವರೆಲ್ಲ ಮೊದಲು ನೋಡುವುದು ಕಿಲೋಮೀಟರುಗಳ ಅಂಕಿಯನ್ನು. ಆದರೆ ಬಸ್ಸಿನಲ್ಲಿ ಎಂಜಿನ್ ಎಷ್ಟು ಗಂಟೆ ತಿರುಗಿದೆ ಎಂಬುದು ಅದಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ. 3,00,000 ಕಿಲೋಮೀಟರ್ ಓಡಿ 20,000 ಗಂಟೆ ತಿರುಗಿದ ಎಂಜಿನ್ನಿನ ಸರಾಸರಿ ವೇಗ ಗಂಟೆಗೆ 15 ಕಿಲೋಮೀಟರ್. ಅಂದರೆ ಅದು ನಿಲ್ದಾಣದಿಂದ ನಿಲ್ದಾಣಕ್ಕೆ ನಿಂತು ನಿಂತು, ನಿಂತಲ್ಲೂ ಉರಿಯುತ್ತಾ ದುಡಿದ ನಗರದ ಬಸ್ಸು. 6,00,000 ಕಿಲೋಮೀಟರನ್ನು 10,000 ಗಂಟೆಗಳಲ್ಲಿ ಓಡಿದ ದೂರಪ್ರಯಾಣದ ಬಸ್ಸು ಎರಡು ಪಟ್ಟು ದಾರಿ ಸವೆಸಿದ್ದರೂ ಅದರ ಎಂಜಿನ್ ಅರ್ಧದಷ್ಟು ಹೊತ್ತು ಮಾತ್ರ ತಿರುಗಿದೆ. ಗಂಟೆಯ ಮೀಟರ್ ಇಲ್ಲದ ಬಸ್ಸಾದರೆ ಅದು ಯಾವ ಮಾರ್ಗದಲ್ಲಿ ಓಡುತ್ತಿತ್ತು ಎಂದು ಕೇಳಿ ತಿಳಿಯಿರಿ. ಎಲೆಕ್ಟ್ರಾನಿಕ್ ನಿಯಂತ್ರಣದ ಎಂಜಿನ್ನುಗಳಲ್ಲಿ ಈ ಲೆಕ್ಕ ಒಳಗಿನ ಕಂಪ್ಯೂಟರಿನಲ್ಲೇ ದಾಖಲಾಗಿರುತ್ತದೆ.

ನೋಡಲು ಹೋಗುವ ದಿನ ಎಂಜಿನ್ ಸ್ಟಾರ್ಟ್ ಮಾಡಿಡಬೇಡಿ ಎಂದು ಮೊದಲೇ ಹೇಳಿರಬೇಕು. ಹೋದ ಕೂಡಲೇ ಎಂಜಿನ್ನಿನ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುವೆನೆಂದು ಹೇಳುವುದೇ ಸರಿ. ತಣ್ಣಗಿನ ಡೀಸೆಲ್ ಎಂಜಿನ್ ಮೊದಲ ಕೆಲವು ಕ್ಷಣ ಬಿಳಿ ಹೊಗೆ ಬಿಡುವುದು ಸಹಜ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಎಂಜಿನ್ನನ್ನು ತಂಪಾಗಿಡುವ ದ್ರವ, ಅಂದರೆ ಕೂಲಂಟ್, ಒಳಗೆ ಸೇರುತ್ತಿರಬಹುದು, ನೀಲಿ ಹೊಗೆಯಾದರೆ ಆಯಿಲ್ ಸುಡುತ್ತಿದೆ, ಭಾರ ಬಿದ್ದಾಗ ದಟ್ಟ ಕಪ್ಪು ಹೊಗೆಯಾದರೆ ಗಾಳಿ ಸಾಲದೆ ಇಂಧನ ಹೆಚ್ಚಾಗುತ್ತಿದೆ. ಎಂಜಿನ್ ತಿರುಗುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಸಡಿಲಿಸಿ ಹಾಗೆಯೇ ಮೇಲಿಡಿ. ಸಣ್ಣಗೆ ಆವಿ ಬಂದರೆ ಚಿಂತೆಯಿಲ್ಲ. ಮುಚ್ಚಳ ಕುಣಿಯುವಷ್ಟು ಗಾಳಿ ದಬದಬ ಬಂದರೆ ಸಿಲಿಂಡರಿನ ಒತ್ತಡ ಸೋರದಂತೆ ತಡೆಯುವ ಪಿಸ್ಟನ್ ರಿಂಗುಗಳು ಸವೆದಿವೆಯೆಂದು ಅನುಮಾನಿಸಬೇಕು. ಹಳೆಯ ಆಯಿಲ್ಲಿನ ಒಂದು ಸಣ್ಣ ಶೀಶೆಯನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಅದರಲ್ಲಿ ಕಬ್ಬಿಣ, ತಾಮ್ರ, ಸೋಡಿಯಂ ಎಷ್ಟೆಷ್ಟಿದೆ ಎಂದು ವರದಿ ಬರುತ್ತದೆ. ಲೋಹ ಹೆಚ್ಚಿದ್ದರೆ ಸವೆತ, ಸೋಡಿಯಂ ಹೆಚ್ಚಿದ್ದರೆ ಬಹುಮಟ್ಟಿಗೆ ಕೂಲಂಟ್ ಸೋರಿಕೆ. ಬಸ್ಸಿನ ಬೆಲೆಯ ಮುಂದೆ ಈ ಪರೀಕ್ಷೆಯ ಖರ್ಚು ಏನೂ ಅಲ್ಲ, ಆದರೂ ಮಾಡಿಸುವವರು ವಿರಳ.

ಎಂಜಿನ್ನುಗಳ ಹೆಸರುಗಳನ್ನು ಕುರಿತು ದೊಡ್ಡ ವಾದಗಳೇ ನಡೆಯುತ್ತವೆ. ಕಮ್ಮಿನ್ಸ್ ಕಂಪನಿಯ 5.9 ಲೀಟರಿನ ಆರು ಸಿಲಿಂಡರ್ ಎಂಜಿನ್ ಮತ್ತು ಇಂಟರ್‌ನ್ಯಾಷನಲ್ ಕಂಪನಿಯ ಡಿಟಿ 466 ಎರಡೂ ಬಾಳಿಕೆಗೆ ಹೆಸರಾದವು. ಇವುಗಳ ನಡುವೆ ಒಂದು ವ್ಯತ್ಯಾಸವನ್ನು ಮಾತ್ರ ಕೊಳ್ಳುವವರು ತಿಳಿದಿರಬೇಕು. ಡಿಟಿ 466ರ ಸಿಲಿಂಡರುಗಳಿಗೆ ಕಳಚಿ ಹಾಕಬಹುದಾದ ಒಳಕೊಳವೆಗಳು, ಅಂದರೆ ಲೈನರುಗಳು, ಇರುವುದರಿಂದ ಎಂಜಿನ್ನನ್ನು ಬಸ್ಸಿನಿಂದ ಇಳಿಸದೆಯೇ ಹೊಸದಾಗಿ ಕಟ್ಟಲು ಸಾಧ್ಯ, 5.9 ಲೀಟರ್ ಕಮ್ಮಿನ್ಸ್‌ನಲ್ಲಿ ಸಿಲಿಂಡರನ್ನು ಬ್ಲಾಕಿನಲ್ಲೇ ಕೊರೆದಿರುವುದರಿಂದ ಬ್ಲಾಕನ್ನು ಇಳಿಸಿ ಸವೆದ ಸಿಲಿಂಡರನ್ನು ಮತ್ತೆ ಕೊರೆಸಬೇಕಾಗುತ್ತದೆ. ಆದರೆ ಸುತ್ತ ಕೂಲಂಟ್ ಹರಿಯುವ ಲೈನರುಗಳಿಗೆ ಅವುಗಳದೇ ಒಂದು ರೋಗವಿದೆ: ಲೈನರು ನಡುಗುವಾಗ ಅದರ ಹೊರಮೈಯಲ್ಲಿ ಸಣ್ಣ ಗುಳ್ಳೆಗಳು ಹುಟ್ಟಿ ಒಡೆಯುತ್ತಾ ಲೋಹದಲ್ಲಿ ಸೂಜಿಮೊನೆಯಂಥ ಗುಳಿಗಳನ್ನು ಕೊರೆಯುತ್ತವೆ. ಇದನ್ನು ತಡೆಯುವ ರಾಸಾಯನಿಕ ಕೂಲಂಟಿನಲ್ಲಿ ಇರಬೇಕು. ಬರೀ ನೀರು ಹಾಕಿಕೊಂಡು ವರ್ಷಗಟ್ಟಲೆ ಓಡಿಸಿದ್ದರೆ ಹೆಸರು ಎಷ್ಟು ದೊಡ್ಡದಿದ್ದರೂ ಆ ಎಂಜಿನ್ ನಂಬಿಕೆಗೆ ಅರ್ಹವಲ್ಲ. ರೇಡಿಯೇಟರ್ ಮುಚ್ಚಳ ತೆಗೆದಾಗ, ಅದೂ ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ, ಕಾಣುವ ಬಣ್ಣವೇ ಹಿಂದಿನ ಮಾಲೀಕರ ನಡೆಯನ್ನು ಹೇಳುತ್ತದೆ: ತಿಳಿಯಾದ ಬಣ್ಣದ ದ್ರವವಿದ್ದರೆ ಆರೈಕೆ ನಡೆದಿದೆ, ಕಂದು ಕೆಸರಿದ್ದರೆ ನಡೆದಿಲ್ಲ.

ಮಾಲಿನ್ಯ ನಿಯಂತ್ರಣದ ಸಾಧನಗಳ ವಿಷಯದಲ್ಲಿ ಹೊಸದೇ ಒಳ್ಳೆಯದು ಎಂಬ ಮಾತು ಈ ಕೆಲಸಕ್ಕೆ ಪೂರ್ತಿ ಒಪ್ಪುವುದಿಲ್ಲ. ಅಮೆರಿಕದಲ್ಲಿ 2007ರ ನಿಯಮಗಳೊಂದಿಗೆ ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರ್, 2010ರ ನಿಯಮಗಳೊಂದಿಗೆ ಯೂರಿಯಾ ದ್ರಾವಣ ಸಿಂಪಡಿಸುವ ವ್ಯವಸ್ಥೆ ಭಾರಿ ಡೀಸೆಲ್ ವಾಹನಗಳಲ್ಲಿ ವ್ಯಾಪಕವಾಗಿ ಬಂದವು. ಬೇರೆ ದೇಶಗಳಲ್ಲೂ ಅವರವರ ಕಾಲಕ್ಕೆ ಇವು ಬಂದಿವೆ. ಮಸಿಯ ಫಿಲ್ಟರ್ ಸ್ವಚ್ಛವಾಗಲು ಎಂಜಿನ್ ಚೆನ್ನಾಗಿ ಬಿಸಿಯಾಗಿ ದೂರ ಓಡಬೇಕು. ತಿಂಗಳುಗಟ್ಟಲೆ ಒಂದೇ ಕಡೆ ನಿಂತು, ಆಗಾಗ ಸ್ವಲ್ಪ ದೂರ ಮಾತ್ರ ಓಡುವ ಮನೆಗೆ ಅದು ಒಗ್ಗುವುದಿಲ್ಲ, ಕಟ್ಟಿಕೊಳ್ಳುತ್ತದೆ. ಹಾಗೆಂದು ಅದನ್ನು ಕಿತ್ತು ಹಾಕುವುದು ಕಾನೂನಿಗೂ ವಿರುದ್ಧ, ಉಸಿರಾಡುವವರಿಗೂ ಅನ್ಯಾಯ. ಇನ್ನೊಂದೆಡೆ, ತೀರಾ ಹಳೆಯ ಡೀಸೆಲ್ ವಾಹನಗಳಿಗೆ ಪ್ರವೇಶ ನಿರ್ಬಂಧವಿರುವ ನಗರಗಳು ಹೆಚ್ಚುತ್ತಿವೆ. ಯಾವ ಊರುಗಳಿಗೆ ಹೋಗಬೇಕು, ಎಷ್ಟು ದಿನ ನಿಲ್ಲಬೇಕು ಎಂಬುದನ್ನು ಮೊದಲು ಯೋಚಿಸಿ, ಅದಕ್ಕೆ ತಕ್ಕ ವರ್ಷದ ಬಸ್ಸನ್ನು ಆರಿಸಬೇಕು.

ಗೇರ್‌ಬಾಕ್ಸಿನಲ್ಲಿ ನಾನು ಒತ್ತಿ ಹೇಳುವುದು ಒಂದೇ ವಿಷಯ. ಆಟೋಮ್ಯಾಟಿಕ್ ಬಸ್ಸಾದರೆ ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿಗೆ ಲಾಕಪ್, ಅಂದರೆ ಎರಡನ್ನೂ ನೇರವಾಗಿ ಬಿಗಿದು ಹಿಡಿಯುವ ವ್ಯವಸ್ಥೆ, ಇದೆಯೇ ಎಂದು ವಿಚಾರಿಸಿ. ಉದಾಹರಣೆಗೆ ಆಲಿಸನ್ ಕಂಪನಿಯ ಎಟಿ 545 ಗೇರ್‌ಬಾಕ್ಸಿಗೆ ಅದು ಇಲ್ಲ, ಎಂಟಿ 643ಕ್ಕೆ ಇದೆ. ಲಾಕಪ್ ಇಲ್ಲದಿದ್ದರೆ ಎತ್ತರದ ಘಾಟಿ ಹತ್ತುವಾಗ ಶಕ್ತಿ ಎಣ್ಣೆಯಲ್ಲೇ ಶಾಖವಾಗಿ ಹೋಗುತ್ತದೆ, ಇಳಿಯುವಾಗ ಎಂಜಿನ್ನಿನ ಹಿಡಿತ ಅಷ್ಟಾಗಿ ಸಿಗುವುದಿಲ್ಲ. ಸಮತಟ್ಟಾದ ನಾಡಿನಲ್ಲಿ ಅದೇ ಗೇರ್‌ಬಾಕ್ಸ್ ವರ್ಷಗಟ್ಟಲೆ ತೊಂದರೆ ಕೊಡದೆ ನಡೆದೀತು. ಡಿಪ್‌ಸ್ಟಿಕ್‌ನಲ್ಲಿ ಬಂದ ಎಣ್ಣೆ ಸುಟ್ಟ ವಾಸನೆ ಹೊಡೆದರೆ ಮುಂದಿನ ಮಾತು ಬೇಡ.

ಹಿಂದಿನ ಆಕ್ಸಲ್ಲಿನ ಅನುಪಾತವನ್ನು, ಅಂದರೆ ಗಾಲಿ ಒಂದು ಸುತ್ತು ಬರಲು ಗೇರ್‌ಬಾಕ್ಸಿನಿಂದ ಬರುವ ದಂಡ ಎಷ್ಟು ಸುತ್ತು ತಿರುಗಬೇಕು ಎಂಬುದನ್ನು, ಬಹಳ ಜನ ಕೇಳುವುದೇ ಇಲ್ಲ. ಸಾಮಾನ್ಯ ಅಳತೆಯ ಬಸ್ ಟೈರು ಒಂದು ಸುತ್ತಿಗೆ ಸುಮಾರು 3.2 ಮೀಟರ್ ಹೋಗುತ್ತದೆಂದು ಇಟ್ಟುಕೊಂಡರೆ, ಟಾಪ್ ಗೇರಿನಲ್ಲಿ ಎಂಜಿನ್ ತಿರುಗಿದಷ್ಟೇ ಆ ದಂಡವೂ ತಿರುಗುವಾಗ, 5.3ರ ಅನುಪಾತದ ಬಸ್ಸು ಗಂಟೆಗೆ 80 ಕಿಲೋಮೀಟರ್ ಹೋಗಲು ಎಂಜಿನ್ ನಿಮಿಷಕ್ಕೆ ಸುಮಾರು 2,200 ಸುತ್ತು ತಿರುಗಬೇಕು, 3.7ರ ಅನುಪಾತವಿದ್ದರೆ 1,550 ಸುತ್ತು ಸಾಕು. ಮೊದಲನೆಯದು ಪೇಟೆಯೊಳಗೆ ತುಂಬಿದ ಬಸ್ಸನ್ನು ಎಳೆಯಲು ಮಾಡಿದ್ದು, ಹೆದ್ದಾರಿಯಲ್ಲಿ ಅದು ದಿನವಿಡೀ ಅರಚುತ್ತದೆ. ಪರೀಕ್ಷೆಗೆ ಓಡಿಸುವಾಗ ಕಾಂಪೌಂಡಿನೊಳಗೆ ಒಂದು ಸುತ್ತು ಹಾಕಿ ಇಳಿಯಬೇಡಿ. ಕನಿಷ್ಠ ಮುಕ್ಕಾಲು ಗಂಟೆ, ಒಂದು ಏರು ಸೇರಿದಂತೆ, ತಾಪಮಾನದ ಮುಳ್ಳಿನ ಮೇಲೆ ಕಣ್ಣಿಟ್ಟು ಓಡಿಸಿ. ಅರ್ಧ ಕಟ್ಟಿದ ರೇಡಿಯೇಟರ್ ಹತ್ತು ನಿಮಿಷದಲ್ಲಿ ಸಿಕ್ಕಿಬೀಳುವುದಿಲ್ಲ.

ಬ್ರೇಕು, ಟೈರುಗಳು ಬದಲಿಸಬಹುದಾದವು. ಆದರೂ ಮನೆಗೆ ಓಡಿಸಿಕೊಂಡು ಬರುವ ದಿನವೇ ಪ್ರಾಣ ಅವುಗಳ ಮೇಲಿರುತ್ತದೆ. ಏರ್ ಬ್ರೇಕಿನ ಟ್ಯಾಂಕು ಪೂರ್ತಿ ತುಂಬಿದ ಮೇಲೆ ಗಾಲಿಗಳಿಗೆ ಅಡೆ ಕೊಟ್ಟು, ಎಂಜಿನ್ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಬಿಟ್ಟು ಮುಳ್ಳನ್ನು ನೋಡಿ. ಟ್ರೈಲರ್ ಎಳೆಯದ ಒಂಟಿ ವಾಹನದಲ್ಲಿ ಗಾಳಿಯ ಒತ್ತಡ ನಿಮಿಷಕ್ಕೆ 2 ಪಿಎಸ್‌ಐಗಿಂತ, ಪೆಡಲ್ ಒತ್ತಿ ಹಿಡಿದಾಗ 3 ಪಿಎಸ್‌ಐಗಿಂತ ಹೆಚ್ಚು ಇಳಿಯಬಾರದು. ಟ್ಯಾಂಕಿನ ತಳದ ನಲ್ಲಿ ಬಿಟ್ಟಾಗ ನೀರಿನೊಡನೆ ಎಣ್ಣೆಯೂ ಬಂದರೆ ಟ್ಯಾಂಕಿಗೆ ಗಾಳಿ ತುಂಬುವ ಕಂಪ್ರೆಸರ್ ಸವೆದಿದೆ. ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕಂಕಿಯನ್ನೂ ಓದಿ: 2319 ಎಂದಿದ್ದರೆ ಅದು 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೈಮೇಲಿನ ಗೆರೆಗಳು ಆಳವಾಗಿ ಉಳಿದಿದ್ದರೂ ರಬ್ಬರ್ ಹಳತಾಗಿರುತ್ತದೆ.

ತೂಕದ ಲೆಕ್ಕಕ್ಕೆ ಬರೋಣ. ನಲವತ್ತು ಜನರನ್ನು ಹೊತ್ತ ಬಸ್ಸಿಗೆ ಒಂದು ಸಂಸಾರದ ಸಾಮಾನು ಯಾವ ಲೆಕ್ಕ ಎಂದು ನಾನೂ ಅಂದುಕೊಂಡಿದ್ದೆ. ಒಬ್ಬರಿಗೆ 65 ಕಿಲೋ ಹಿಡಿದರೆ ನಲವತ್ತು ಜನ 2,600 ಕಿಲೋ, ಸೀಟುಗಳ ತೂಕ ಬೇರೆ. ಒಟ್ಟಾರೆ ಮಿತಿಯೊಳಗೆ ಉಳಿಯುವುದು ನಿಜಕ್ಕೂ ಕಷ್ಟವಲ್ಲ. ತೊಂದರೆ ಇರುವುದು ಅದು ಎಲ್ಲಿ ಕೂರುತ್ತದೆ ಎಂಬುದರಲ್ಲಿ. ಪ್ರಯಾಣಿಕರು ಬಸ್ಸಿನ ಉದ್ದಕ್ಕೂ ಹರಡಿ ಕೂತಿರುತ್ತಾರೆ. ನಾವು 400 ಲೀಟರ್ ನೀರು, ಅಂದರೆ 400 ಕಿಲೋವನ್ನು ಒಂದೇ ಮೂಲೆಗೆ ತುಂಬುತ್ತೇವೆ, ಪಕ್ಕದಲ್ಲೇ ಬ್ಯಾಟರಿಗಳನ್ನು ಜೋಡಿಸುತ್ತೇವೆ, ಮಂಚವನ್ನೂ ಹಿಂದಕ್ಕೇ ಒತ್ತುತ್ತೇವೆ. ಹಿಂದಿನ ಆಕ್ಸಲ್ಲಿಗಿಂತ ಆಚೆ ಭಾರ ಹೆಚ್ಚಿದಷ್ಟೂ ಮುಂದಿನ ಗಾಲಿಗಳು ಹಗುರವಾಗಿ ಸ್ಟೀರಿಂಗ್ ತೇಲಿದಂತಾಗುತ್ತದೆ. ಆದ್ದರಿಂದ ಹಿಂದಿನ ಗಾಲಿಯ ಆಚೆ ಬಾಲ ಉದ್ದವಿರುವ ಬಸ್ಸಿಗಿಂತ ಎರಡು ಆಕ್ಸಲ್ಲುಗಳ ನಡುವಿನ ಅಂತರ ಹೆಚ್ಚಿರುವ, ನೀರಿನ ಟ್ಯಾಂಕನ್ನು ನಡುವೆ ತಗ್ಗಿನಲ್ಲಿ ಕೂರಿಸಲು ಜಾಗವಿರುವ ಬಸ್ಸು ಮೇಲು. ನೆಲದ ಕೆಳಗೆ ಸಾಮಾನಿನ ಗೂಡುಗಳಿರುವ ದೂರಪ್ರಯಾಣದ ಬಸ್ಸುಗಳು ಈ ಕಾರಣಕ್ಕೇ ನನಗೆ ಹೆಚ್ಚು ಹಿಡಿಸುತ್ತವೆ. ಕೊಂಡ ದಿನವೇ ಖಾಲಿ ಬಸ್ಸನ್ನು ವೇಬ್ರಿಡ್ಜಿಗೆ ಒಯ್ದು ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಎರಡನ್ನೂ ಬೇರೆ ಬೇರೆ ತೂಗಿಸಿ ಬರೆದಿಟ್ಟುಕೊಳ್ಳಿ. ಪ್ರತಿ ಆಕ್ಸಲ್ ಎಷ್ಟು ಹೊರಬಹುದೆಂಬ ಫಲಕ ಬಸ್ಸಿನಲ್ಲೇ ಇರಬೇಕು.

ಕಾಗದಪತ್ರಗಳ ವಿಷಯ ಚಿಕ್ಕದು, ಆದರೆ ಮುಂಗಡ ಕೊಡುವ ಮೊದಲೇ ಮುಗಿಯಬೇಕಾದದ್ದು. ಚಾಸಿ ಸಂಖ್ಯೆಯನ್ನು ಲೋಹದ ಮೇಲೆಯೇ ಓದಿ ದಾಖಲೆಗೆ ಹೋಲಿಸಬೇಕು. ಪ್ರಯಾಣಿಕರ ವಾಹನವನ್ನು ವಸತಿ ವಾಹನವಾಗಿ ನೋಂದಾಯಿಸಲು ಏನೇನು ಬೇಕು, ವಿಮೆ ಯಾರು ಕೊಡುತ್ತಾರೆ, ಅದನ್ನು ಓಡಿಸಲು ನಮ್ಮಲ್ಲಿರುವ ಲೈಸೆನ್ಸ್ ಸಾಕೇ ಎಂಬುದನ್ನು ಆಯಾ ಕಚೇರಿಗಳಲ್ಲೇ ಲಿಖಿತವಾಗಿ ಕೇಳಬೇಕು. ಹಾಗೆಯೇ, ಬಸ್ಸನ್ನು ಏಕೆ ಮಾರುತ್ತಿದ್ದಾರೆ ಎಂಬ ಪ್ರಶ್ನೆಗೆ ನೇರವಾದ ಉತ್ತರ ಸಿಗಬೇಕು. ವಯಸ್ಸಿನ ಮಿತಿ ಮುಗಿದದ್ದಕ್ಕೆ ತಮ್ಮ ಬಸ್ಸುಗಳನ್ನೆಲ್ಲ ಒಟ್ಟಿಗೆ ಹರಾಜಿಗಿಟ್ಟವರ ಬಳಿ ರಿಪೇರಿಯ ಪುಸ್ತಕ ಇರುತ್ತದೆ, ಕೊನೆಯ ದಿನದವರೆಗೂ ಬಸ್ಸು ಸೇವೆಯಲ್ಲಿರುತ್ತದೆ. ಹತ್ತು ಬಸ್ಸುಗಳಲ್ಲಿ ಒಂದನ್ನು ಮಾತ್ರ ಮಾರುತ್ತಿದ್ದರೆ ಆ ಒಂದೇ ಏಕೆ ಎಂದು ಕೇಳದೆ ಬಿಡಬಾರದು.

ಎರಡನೆಯ ಬಸ್ಸನ್ನು ಕೊಳ್ಳುವಾಗ ನಾನು ಒಂಬತ್ತು ಬಸ್ಸುಗಳ ಅಡಿಗೆ ಇಳಿದೆ. ಐದು ಕಡೆ ಸ್ಕ್ರೂಡ್ರೈವರ್ ಒಳಹೋಯಿತು, ಎರಡು ಕಡೆ ಹಾಸು ಎತ್ತಲು ಬಿಡಲಿಲ್ಲ, ಒಂದರ ಎತ್ತರ ಸಾಲಲಿಲ್ಲ. ಒಂಬತ್ತನೆಯದರ ಬಣ್ಣ ಮಾಸಿತ್ತು, ಒಂದು ಕಿಟಕಿ ಒಡೆದಿತ್ತು, ಎಂಜಿನ್ನಿನ ಎರಡು ಇಂಜೆಕ್ಟರ್ ಬದಲಿಸಬೇಕಿತ್ತು. ಆದರೆ ತುದಿಯಿಂದ ತುದಿಗೆ ತಟ್ಟಿದಾಗ ಎಲ್ಲೂ ಸದ್ದು ಮಂಕಾಗಲಿಲ್ಲ. ಅದರಲ್ಲಿ ಈಗ ನಾಲ್ಕು ಮಳೆಗಾಲ ಕಳೆದಿದ್ದೇನೆ. ವರ್ಷಕ್ಕೊಮ್ಮೆ ಕಪಾಟಿನ ಕೆಳಗೆ ನಾನೇ ಬಿಟ್ಟಿರುವ ಚೌಕದ ಮುಚ್ಚಳ ತೆಗೆದು ಗಾಲಿಯ ಕಮಾನಿನ ಮೇಲೆ ಕೈಯಾಡಿಸುತ್ತೇನೆ. ಅದು ಒಣಗಿಯೇ ಇದೆ.

ಸಂಪಾದಕರಲ್ಲಿ ನನ್ನದೊಂದು ಬಿನ್ನಹ. ಮುಂದೆ ಇಂಥ ಮನೆಗಳ ಕುರಿತು ಬರೆಸುವಾಗ ಒಳಾಂಗಣದ ಚಿತ್ರಗಳೊಡನೆ ಬಸ್ಸಿನ ಅಡಿಯ ಒಂದು ಚಿತ್ರವನ್ನೂ ಹಾಕಿಸಿ, ಮತ್ತು ಬಾಡಿ ಕಟ್ಟುವ ವರ್ಕ್‌ಶಾಪುಗಳಲ್ಲಿ ದಶಕಗಳ ಕಾಲ ಬೆಸುಗೆ ಹಾಕಿದ ಅನುಭವಿಗಳಿಂದ ಈ ವಿಷಯವಾಗಿ ಬರೆಸಿ. ತುಕ್ಕು ತಿಂದ ಅಡ್ಡ ತೊಲೆಗೆ ತುಂಡು ಹಾಕಿ ಬೆಸೆಯಬಹುದೇ, ಎಲ್ಲಿಯವರೆಗೆ ಬೆಸೆಯಬಹುದು, ಯಾವ ಹಂತದಲ್ಲಿ ಬಸ್ಸನ್ನು ಕೈಬಿಡಬೇಕು ಎಂಬುದನ್ನು ನನಗಿಂತ ಅವರು ಸ್ಪಷ್ಟವಾಗಿ ಹೇಳಬಲ್ಲರು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ